ಜಲಜಕ್ಕ ಬಲೆ ನಿಲ್ಲಿಸಿದ್ದು

ಕಿರಿಮಂಜೇಶ್ವರದ ಕಡಲ ತಡಿಯಲ್ಲಿ ಜಲಜಕ್ಕ ಬಾಯಿ ತೆರೆದರೆ ಅತ್ತ ವಂಡ್ಸೆಯಲ್ಲಿ ಬೆಕ್ಕುಗಳು ಎದ್ದು ಮೈ ಮುರಿಯುತ್ತಿದ್ದವು. ನಂಬದವರು ವಂಡ್ಸೆಗೆ ಹೋಗಿ ಬೆಕ್ಕುಗಳನ್ನೇ ವಿಚಾರಿಸಬಹುದು, ಅವು ಸುಳ್ಳು ಹೇಳುವ ಜಾತಿಯಲ್ಲ. ಹೆಮ್ಮಾಡಿಯಲ್ಲಿ ಅವಳು ಕೊಲ್ಲೂರು ದಾರಿಯ ಬಸ್ಸಿಗೆ ಹತ್ತುವಾಗ ಅವಳ ಮೀನಿನ ಹೆಡಿಗೆ ಎತ್ತಲು ಕಂಡಕ್ಟರ್, ಕ್ಲೀನರ್ ಅಲ್ಲದೆ ದೇವಿಯ ದರ್ಶನಕ್ಕೆ ಹೊರಟ ಇಬ್ಬರು ಗಟ್ಟಿ ಭಕ್ತರೂ ಬೇಕಾಗುತ್ತಿತ್ತು. ಅದೇ ಹೆಡಿಗೆಯನ್ನು ವಂಡ್ಸೆಯಲ್ಲಿ ಅವಳು ಒಂದೇ ಕೈಯಲ್ಲಿ ಇಳಿಸಿಕೊಂಡು, "ಇಷ್ಟಕ್ಕೇ ಏದುಸಿರಾ ಮರ್ರೆ?" ಎನ್ನುತ್ತಿದ್ದಳು. ಬಸ್ಸು ಹೊರಟ ಮೇಲೂ ಭಕ್ತರು ದೇವಿಯನ್ನು ಮರೆತು ಅವಳನ್ನೇ ತಿರುಗಿ ನೋಡುತ್ತಿದ್ದರು.

ಇಷ್ಟು ಬಣ್ಣ ಹಚ್ಚಿದ್ದು ಸಾಕು. ಮುಂದಿನದಕ್ಕೆ ಬಣ್ಣ ಹಿಡಿಯುವುದಿಲ್ಲ.

ಜಲಜಕ್ಕನ ಗಂಡ 1997ರ ಮಳೆಗಾಲದ ಕೊನೆಯಲ್ಲಿ ಗಂಗೊಳ್ಳಿ ಅಳಿವೆಯಲ್ಲಿ ದೋಣಿ ಮಗುಚಿ ಹೋದ. ಆಗ ಮಗಳು ಶ್ರೀಲತಾ ಶಾಲೆಗೆ ಹೋಗುವ ಹುಡುಗಿ. ಜಲಜಕ್ಕನಿಗೆ ಉಳಿದದ್ದು ತಲೆಯ ಮೇಲಿನ ಹೆಡಿಗೆ, ಮತ್ತೆ ಬಲೆಯಲ್ಲಿ ಗಂಡನ ಪಾಲು.

ಆ ಬಲೆಯ ಮಾತು ಹೇಳದೆ ಕಥೆ ಮುಂದೆ ಹೋಗದು. ನಮ್ಮದು ಕೈರಂಪಣಿ. ದೋಣಿಯಲ್ಲಿ ಬಲೆಯನ್ನು ಕಡಲಿಗೆ ಒಯ್ದು ಅರ್ಧಚಂದ್ರದ ಹಾಗೆ ಬಿಡುತ್ತಾರೆ. ಅದರ ಎರಡು ತುದಿಯ ಹಗ್ಗಗಳನ್ನು ಮರಳಿನ ಮೇಲೆ ನಿಂತವರು ಎಳೆಯುತ್ತಾರೆ. ಹಿಂದೆ ಎಳೆಯುವವರು ಗಂಡಸರೇ. ಗಂಡಸರು ಮಲ್ಪೆಯ ಬೋಟುಗಳಿಗೂ ಮುಂಬಯಿಯ ಹೋಟೆಲುಗಳಿಗೂ ಹೋದ ಮೇಲೆ ಹಗ್ಗಕ್ಕೆ ಕೈ ಸಾಲದೆ ಹೆಂಗಸರೂ ಸೊಂಟಕ್ಕೆ ಸೆರಗು ಬಿಗಿದು ನಿಂತರು. ಹಗ್ಗ ಮುಟ್ಟಿದವರಿಗೆಲ್ಲ ಮೀನಿನಲ್ಲಿ ಪಾಲು. ಬಲೆಯ ಯಜಮಾನನಿಗೆ ತಾಂಡೇಲ ಎನ್ನುತ್ತೇವೆ. ನಮ್ಮ ತಾಂಡೇಲ ಐತ.

ನಮ್ಮ ಬಲೆಗೆ ಒಂದು ಕಟ್ಟಳೆ ಇತ್ತು. ಆಚೆ ಊರಿನ ಬಲೆಗೆ ಅದಿಲ್ಲ, ಅವರು ನಮ್ಮನ್ನು ಕಂಡು ನಗುತ್ತಿದ್ದರು. ಪಾಲಿನವರ ಮನೆಯಲ್ಲಿ ಸಾವಾದರೆ ಬಲೆ ಕಡಲಿಗೆ ಇಳಿಯುವುದಿಲ್ಲ. ಮತ್ತೆ ಇಳಿಯಬೇಕಾದರೆ ಆ ಮನೆಯವರು ತಾವಾಗಿ ಬಂದು ಹಗ್ಗ ಮುಟ್ಟಬೇಕು. ಬಾ ಎಂದು ಯಾರೂ ಹೋಗಿ ಕರೆಯುವ ಹಾಗಿಲ್ಲ. ದುಃಖದ ಮನೆಯ ಬಾಗಿಲಲ್ಲಿ ನಿಂತು ಅವಸರ ಮಾಡಿದವರು ಮುಂದಿನ ಮಳೆಗಾಲದವರೆಗೆ ಹಗ್ಗ ಬಿಡಬೇಕು. ಸಾಧಾರಣವಾಗಿ ಎರಡು ಮೂರು ದಿನದಲ್ಲಿ ಯಾರಾದರೂ ಬಂದೇ ಬರುತ್ತಿದ್ದರು. ಜಲಜಕ್ಕನೂ ಗಂಡ ಹೋದಾಗ ಹಾಗೆಯೇ ಬಂದು ಮುಟ್ಟಿದ್ದಳು.

2002ರ ಆಷಾಢದಲ್ಲಿ ಬ್ರಹ್ಮಾವರದಿಂದ ಶಾಮರಾಯ ಮಯ್ಯರು ಕೊಡೆ ಹಿಡಿದುಕೊಂಡು ಜಲಜಕ್ಕನ ಅಂಗಳಕ್ಕೆ ಬಂದರು. ಅವರು ಮೂಲದಲ್ಲಿ ಸಾಲಿಗ್ರಾಮದ ಕಡೆಯವರು, ದೇವಸ್ಥಾನದ ಸೇವೆಯ ಮನೆತನ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಸುಮ್ಮನೆ ಕೂರಲಾರದೆ, ಪರದೇಶದ ಯುವಕ ಯುವತಿಯರು ಇಲ್ಲಿಗೆ ಬಂದು ಊರವರೊಂದಿಗೆ ಇದ್ದು ಹೋಗುವ ಒಂದು ಸಾಂಸ್ಕೃತಿಕ ವಿನಿಮಯ ಸಮಿತಿಯ ಕೆಲಸ ಹಚ್ಚಿಕೊಂಡಿದ್ದರು. ಆ ವರ್ಷ ಹಂಗೇರಿ ಎಂಬ ದೇಶದ ಇಲೋನಾ ಎಂಬ ಹುಡುಗಿ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಮಾತಾಡಲು ಕಲಿಸಲಿಕ್ಕೆ ಬರುವವಳಿದ್ದಳು. ಕಡಲಿನ ಸದ್ದು ಕೇಳುವ ಮನೆಯಲ್ಲಿ ಇರಬೇಕು ಎಂಬುದೊಂದೇ ಅವಳ ಬೇಡಿಕೆ.

"ಮಯ್ರೇ, ನಮ್ಮಲ್ಲ್ ಒಂದ್ ಕುರ್ಚಿಯೂ ಇಲ್ಲೆ. ಆ ಹೆಣ್ಣ್ ಎಲ್ಲ್ ಕೂಕಂಬುದ್?" ಎಂದು ಜಲಜಕ್ಕ ಕೇಳಿದಳು.

"ನೆಲದ ಮೇಲೆ ಕೂಕಂಬುದ್ ಹ್ಯಾಂಗ್ ಅಂದ್ ಕಲಿಯೂಕೇ ಬಪ್ಪುದ್ ಅದ್. ನೀವ್ ಎಂತ ಮಾಡ್ತ್ರಿಯೋ ಅದೂ ಅದನ್ನೇ ಮಾಡ್ಲಿ. ಊರವ್ರೊಟ್ಟಿಗೆ ಬೆರೀಲಿ ಅಂದೇಳಿಯೇ ವೀಸಾ ಕೊಟ್ಟದ್ದ್."

"ಅದ್ರ ಊರಂಗೆ ಕಡಲಿಲ್ಯಾ?"

"ಊರಂಗಲ್ಲ ಜಲಜ, ಇಡೀ ದೇಶದಗೇ ಇಲ್ಲೆ."

ಜಲಜಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡಳು. ಹುಟ್ಟಿದ ಮಗುವಿಗೆ ಕಣ್ಣಿಲ್ಲ ಎಂದು ಕೇಳಿದ ಹಾಗೆ ಅವಳ ಮುಖವಾಯಿತು. "ಅಯ್ಯೋ ಪಾಪ! ಹೆತ್ತವ್ರಾರೂ ಇದ್ರಾ?"

"ಅಬ್ಬಿ ಇದ್ರ್. ಒಬ್ಬ ಅಣ್ಣ ಇದ್ದ."

"ಕಳ್ಸಿ ಹಂಗಾರೆ. ಇದ್ದದ್ರಗೇ ಒಂದ್ ಚಾಪಿ ಹಾಸ್ತೆ."

ಇಲೋನಾ ಬಂದಳು. ಮಳೆ ಸುರಿಯುತ್ತಿದ್ದರೂ ಚೀಲ ಜಗಲಿಯಲ್ಲಿ ಇಟ್ಟವಳೇ ಕಡಲು ನೋಡಲು ಹೋದಳು. ಅವಳು ನಿಂತ ಹೊತ್ತಿಗೆ ಬಂದ ಅಲೆ ತೆಂಗಿನ ಮರಗಳ ತಲೆ ಸವರಿ, ಹೆದ್ದಾರಿ ದಾಟಿ, ದೇವಸ್ಥಾನದ ಮೆಟ್ಟಿಲಲ್ಲಿ ಕಾಲು ತೊಳೆದು ಹಿಂದಕ್ಕೆ ಹೋಯಿತು ಎಂದು ನಾನು ಹಲವರಿಗೆ ಹೇಳಿದ್ದೇನೆ. ಅದರಲ್ಲಿ ಮುಕ್ಕಾಲು ಪಾಲು ಬಿಟ್ಟುಬಿಡಿ. ಅವಳು ಒದ್ದೆಯಾಗಿ ನಿಂತೇ ಇದ್ದಳು, ಜಲಜಕ್ಕ ಹೋಗಿ ಕೈ ಹಿಡಿದು ಎಳೆದು ತಂದಳು ಎಂಬುದಂತೂ ನಿಜ.

ಹುಡುಗಿ ಕಲಿತಳು. ಶ್ರೀಲತಾಳ ಜೊತೆ ಒಂದೇ ಕೋಣೆಯಲ್ಲಿ ಮಲಗಿ ಮಾತು ಕಲಿತಳು. ಬಂಗುಡೆಯ ಹೊಟ್ಟೆ ಬಗೆಯುವುದನ್ನು ಕಲಿತಳು. ಮೊದಲ ದಿನ ಅವಳು ಸ್ವಚ್ಛ ಮಾಡಿದ ಬಂಗುಡೆಯಲ್ಲಿ ಬಾಲ ಮಾತ್ರ ಉಳಿದಿತ್ತು, ಜಲಜಕ್ಕ ಅದನ್ನೂ ಸಾರಿಗೆ ಹಾಕಿ "ಬಾರಿ ರುಚಿ" ಎಂದಳು. ಮಳೆ ಕಡಿಮೆಯಾಗಿ ಬಲೆ ಇಳಿದಾಗ ಅವಳೂ ಬಂದು ಜಲಜಕ್ಕನ ಹಿಂದೆ ಹಗ್ಗ ಹಿಡಿದಳು. ಅಂಗೈಯ ಚರ್ಮ ಎದ್ದು ಬಂತು. ಮರುದಿನ ಬಟ್ಟೆ ಸುತ್ತಿಕೊಂಡು ಮತ್ತೆ ಬಂದಳು.

ಐತ ಅವಳ ಮುಂದೆ ನಾಲ್ಕು ಬಂಗುಡೆ ಹಾಕಿ, "ಹಗ್ಗ ಮುಟ್ಟಿದವ್ರನ್ನ ಬರಿಗೈಯಗೆ ಕಳ್ಸೂಕಾತ್ತಾ? ತಕೋ ಹೆಣೇ, ಅರ್ಧ ಪಾಲ್," ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕು ತೆಗೆದುಕೊಂಡಳು. ಅಂದಿನಿಂದ ದಿನವೂ ಪಾಲು ಹಂಚುವಾಗ ಕೊನೆಗೆ ಅವಳದೊಂದು ಅರ್ಧ ಪಾಲು ಬೀಳುತ್ತಿತ್ತು.

ಇದು ಮಯ್ಯರ ಕಿವಿಗೆ ಬಿತ್ತು. ಮರುದಿನವೇ ಬಸ್ಸು ಹಿಡಿದು ಬಂದು, ಮೀನಿನ ರಾಶಿಯಿಂದ ಮೂಗು ಸಹಿಸುವಷ್ಟು ದೂರದಲ್ಲಿ ನಿಂತರು.

"ಹ್ವಾಯ್ ಐತ, ಇದ್ ಸಂಬಳ ಆತ್ತಾ ಹ್ಯಾಂಗೆ? ಅದ್ರ ವೀಸಾದಗೆ ಸಂಪಾದ್ನೆ ಮಾಡೂಕಿಲ್ಲೆ ಮಾರಾಯಾ."

"ಎಂತ ಮಯ್ರೇ, ನಾಕ್ ಬಂಗ್ಡಿ ಎಣ್ಸೂಕೆ ದಿಲ್ಲಿಯಿಂದ ಜನ ಬತ್ರಾ?"

"ಬತ್ರ್ ಅಂದಲ್ಲ. ಆರೂ ಒಂದ್ ಮಾತ್..."

"ಪಾಲಲ್ಲ, ತಮಾಷಿಗ್ ಕೊಟ್ಟದ್ದ್ ಅಂದ್ ಹೇಳಿ. ಆಯ್ತಲ್ಲ?"

ಮಯ್ಯರಿಗೆ ಉಸಿರು ಬಂತು. ಹಗ್ಗ ಸುತ್ತುತ್ತಿದ್ದ ಜಲಜಕ್ಕ ಮಾತ್ರ ತಲೆ ಎತ್ತಿ, "ತಮಾಷಿಯಾ ಐತಣ್ಣ? ಅದ್ರ ಅಂಗೈ ಒಂದ್ಸಲ ಕಾಣ್," ಎಂದಳು. ಐತ ಕೇಳಿಸದವನ ಹಾಗೆ ಕಡಲಿನ ಕಡೆ ತಿರುಗಿದ.

ದೀಪಾವಳಿ ಕಳೆದಿತ್ತು. ಒಂದು ಮಧ್ಯಾಹ್ನ ಮಯ್ಯರು ಮತ್ತೆ ಬಂದರು. ಈ ಸಲ ಕೊಡೆಯೂ ಇಲ್ಲ, ಕಾಲಿಗೆ ಬೇರೆ ಬೇರೆ ಜೋಡಿನ ಚಪ್ಪಲಿ. ಇಲೋನಾಳ ಅಣ್ಣ ಅವರ ಮನೆಗೆ ಫೋನು ಮಾಡಿದ್ದ. ತಾಯಿ ಹೋಗಿ ಆಗಲೇ ಕೆಲವು ದಿನವಾಗಿತ್ತು. ಅವನು ಕಂಪ್ಯೂಟರಿನಲ್ಲಿ ಕಳಿಸಿದ ಸುದ್ದಿಯನ್ನು ಇವಳು ನೋಡಿರಲಿಲ್ಲ. ನೋಡಬೇಕಾದರೆ ಕುಂದಾಪುರಕ್ಕೆ ಹೋಗಬೇಕಿತ್ತು. ಮರುದಿನವೇ ಮಣ್ಣು ಮಾಡುವುದು. ಯಾವ ವಿಮಾನ ಹಿಡಿದರೂ ಮುಟ್ಟುವಂತಿರಲಿಲ್ಲ.

ಅವಳು ಶಾಲೆಯಿಂದ ಬಂದಾಗ ಜಲಜಕ್ಕನೇ ಹೇಳಿದಳು. ಹೇಗೆ ಹೇಳಿದಳೋ ಗೊತ್ತಿಲ್ಲ. ಹೆದ್ದಾರಿ ಬದಿಯ ಫೋನಿನ ಅಂಗಡಿಗೆ ಅವಳನ್ನು ಕರೆದುಕೊಂಡು ಹೋಗಿ ಬಂದದ್ದನ್ನು ನಾವೆಲ್ಲ ಕಂಡೆವು. ಗಾಜಿನ ಗೂಡಿನೊಳಗೆ ಹುಡುಗಿ ಮಾತಾಡಲಿಲ್ಲ, ಕೇಳುತ್ತಾ ನಿಂತಿದ್ದಳು. ಹಿಂದಿರುಗಿ ಬರುವಾಗ ಜಲಜಕ್ಕನ ಸೆರಗಿನ ತುದಿ ಅವಳ ಮುಷ್ಟಿಯಲ್ಲಿತ್ತು.

ಆ ಸಮಯದಲ್ಲಿ ನಮ್ಮ ಬಲೆಯ ಗತಿ ಸರಿಯಿರಲಿಲ್ಲ. ವಾರಗಟ್ಟಲೆ ತಿನ್ನಲಾಗದ ಲೊಳೆಮೀನು ಬಿಟ್ಟರೆ ಬೇರೇನೂ ಬಂದಿರಲಿಲ್ಲ. ಮನೆಗಳಲ್ಲಿ ಗಂಜಿಗೆ ಉಪ್ಪು ಮೆಣಸೇ ಪದಾರ್ಥ. ಸಾವಿನ ಸುದ್ದಿ ಬಂದ ಮರುದಿನ ಬೆಳಿಗ್ಗೆ ನೋಡುವುದೇನು, ತಡಿಯ ಹತ್ತಿರ ನೀರು ಕಪ್ಪಾಗಿದೆ! ಬಂಗುಡೆಯ ಹಿಂಡು. ಎಷ್ಟೆಂದರೆ ಕಾಗೆಗಳು ಹಾರುವ ಕಷ್ಟ ಬಿಟ್ಟು ಮೀನಿನ ಬೆನ್ನ ಮೇಲೆ ನಡೆದುಕೊಂಡೇ ಹೋಗಿ ಬರುತ್ತಿದ್ದವು. ಐತ ಕೂಗು ಹಾಕಿದ. ಬಲೆ ದೋಣಿಗೆ ಏರಿತು.

ಜಲಜಕ್ಕ ಬಂದವಳೇ ದೋಣಿ ಹತ್ತಿ ಬಲೆಯ ರಾಶಿಯ ಮೇಲೆ ಕೂತಳು.

"ಐತಣ್ಣ, ಬಲೆ ಇಳ್ಸೂಕಾಗ."

"ಎಂತಕ್ಕ್?"

"ಪಾಲಿನವ್ರ ಮನಿಯಗೆ ಸಾವ್ ಆಯ್ತ್."

"ಯಾರ್ ಮನಿಯಗೆ ಮಾರಾಯ್ತಿ?"

"ಇಲೋನನ ಅಬ್ಬಿ ಹೋಯ್ತ್."

ಐತನ ಹೆಂಡತಿ ನಾಗು ಸುಮ್ಮನಿರುವ ಹೆಂಗಸಲ್ಲ.

"ಅಲ್ದೇ ಜಲಜ, ಆ ಮೈಲ್ಗೆ ಅಲ್ಲಿಂದ ಇಲ್ಲಿಗೆ ಎಂತ್ರಗ್ ಬಂತ್? ದುರ್ಗಾಂಬಾ ಬಸ್ಸಂಗಾ? ಅಲ್ಲ್ ಕಡಲೂ ಇಲ್ಲೆ, ಬಲೆಯೂ ಇಲ್ಲೆ. ಆ ಹೆಂಗ್ಸಿಗೆ ಬಂಗ್ಡಿ ಅಂದ್ರೆ ಹಕ್ಕಿಯಾ ಹಣ್ಣಾ ಅಂದೂ ಗೊತ್ತಿಲ್ಲೆ ಕಾಣ್ಕ್."

"ಅದ್ರ ಮಗ್ಳಿಗ್ ಗೊತ್ತಿತ್ತ್."

ಐತ ತಗ್ಗಿದ ದನಿಯಲ್ಲಿ ಹೇಳಿದ. "ಅದ್ ತಮಾಷಿಗ್ ಕೊಟ್ಟ ಪಾಲ್ ಜಲಜ. ಮಯ್ರೆದ್ರಿಗೇ ಹೇಳಿದ್ದೆ."

"ಕೊಟ್ಟದ್ದ್ ತಮಾಷಿ ಆಯ್ಕಂಬ. ಎಳ್ದದ್ದೂ ತಮಾಷಿಯಾ? ಹಾಂಗಾರೆ ಬಾ, ಮನಿಗ್ ಹೋಪ. ಅದ್ರೆದ್ರ್ ನಿಂತ್ಕಂಡ್ ಹೇಳ್. 'ನಿನ್ ಕೈ ಸುಲ್ದ್ ಹೋದದ್ದ್ ಲೆಕ್ಕಕ್ಕಿಲ್ಲೆ ಹೆಣೇ, ನಿನ್ ಅಬ್ಬಿ ಸತ್ತದ್ದೂ ಲೆಕ್ಕಕ್ಕಿಲ್ಲೆ' ಅನ್. ಅಂದ್ ಬಾ, ನಾನೇ ದೋಣಿ ನೂಕ್ತೆ."

ಐತ ಕಡಲನ್ನು ನೋಡಿದ. ನೀರು ಇನ್ನೂ ಕಪ್ಪಾಗಿತ್ತು. ಹೆಗಲ ಬೈರಾಸು ತೆಗೆದು ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ಬಲೆ ಕೆಳ್ಗ್ ಹಾಕಿ," ಎಂದ.

ಹಿಂಡು ನಮ್ಮ ಕಣ್ಣೆದುರೇ ತೆಂಕಕ್ಕೆ ಸರಿಯಿತು. ಆಚೆ ಊರಿನವರ ಬೊಬ್ಬೆ ನಮಗೆ ಕೇಳಿಸುತ್ತಿತ್ತು. ಸಂಜೆ ಅವರ ಮೀನು ಹೊರಲು ಬಂದ ಲಾರಿಗಳು ಮರವಂತೆಯಿಂದ ಬೈಂದೂರಿನವರೆಗೆ ಸಾಲು ನಿಂತಿದ್ದವು. ಇದ್ದದ್ದು ಒಂದೇ ಲಾರಿ. ಹಸಿದವರ ಕಣ್ಣಿಗೆ ಅಷ್ಟು ಕಂಡಿತು.

ಇಲ್ಲಿಗೆ ಮುಗಿದಿದ್ದರೆ ಜಲಜಕ್ಕ ಗೆದ್ದಳು ಎಂದು ಹೇಳಿ ಎದ್ದುಬಿಡಬಹುದಿತ್ತು. ಆದರೆ ಕಟ್ಟಳೆಗೆ ಇನ್ನರ್ಧ ಇತ್ತಲ್ಲ. ಇನ್ನು ಇಲೋನಾ ಬಂದು ಹಗ್ಗ ಮುಟ್ಟಬೇಕು. ಅವಳಿಗೆ ಅದು ಗೊತ್ತಿರಲಿಲ್ಲ. ಹೇಳುವ ಹಾಗೂ ಇರಲಿಲ್ಲ. ಹೇಳಿದರೆ ಕರೆದ ಹಾಗೆಯೇ ಆಯಿತು.

ನಾವು ಕಾದೆವು. ದಿನವೂ ಬೆಳಿಗ್ಗೆ ತಡಿಗೆ ಹೋಗಿ, ಕೂತು, ಜಲಜಕ್ಕನ ಮನೆಯ ಕಡೆಗೊಮ್ಮೆ ಕಡಲಿನ ಕಡೆಗೊಮ್ಮೆ ನೋಡಿ ಎದ್ದು ಬರುವುದು. ಹುಡುಗಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು. ಶಾಲೆಯವರು ರಜೆ ಕೊಟ್ಟಿದ್ದರು. ತನ್ನ ತಾಯಿಗಾಗಿ ಇಡೀ ಊರು ಬಲೆ ನಿಲ್ಲಿಸಿದೆ ಎಂದು ಶ್ರೀಲತಾ ಹೇಳಿದಾಗ ಅವಳು ಮುಖ ಮುಚ್ಚಿಕೊಂಡು ಅತ್ತಳಂತೆ. "ಎಷ್ಟು ದಿನ?" ಎಂದು ಜಲಜಕ್ಕನನ್ನು ಕೇಳಿದಳಂತೆ. ಜಲಜಕ್ಕ ಕಟ್ಟಳೆ ಮೀರದೆ ಹೇಳಬಹುದಾದ ಒಂದೇ ಮಾತು ಹೇಳಿದಳು: "ನಿನ್ ಮನ್ಸ್ ಇದ್ದಷ್ಟ್."

ಅವಳು ಅದನ್ನು ತನ್ನ ರೀತಿಯಲ್ಲಿ ತಿಳಿದುಕೊಂಡಳು. ಊರು ದುಃಖದಲ್ಲಿರುವಾಗ ತಾನು ಕಡಲ ಕಡೆ ಹೋದರೆ ಊರಿಗೆ ಅವಮಾನ ಎಂದುಕೊಂಡಳು. ಊರು ಎದ್ದರೆ ತಾನು ಏಳಬೇಕು. ನಾವೋ, ಅವಳು ಎದ್ದರೆ ಏಳಬೇಕು. ಇಂಥ ಪೇಚು ಭೂಮಿಯ ಮೇಲೆ ನಮ್ಮ ಊರಲ್ಲದೆ ಇನ್ನೆಲ್ಲಿ ಹುಟ್ಟೀತು? ಅವಳು ನಮ್ಮ ಮರ್ಯಾದೆ ಕಾಯುತ್ತಾ ಕಲ್ಲಿನ ಮೇಲೆ, ನಾವು ಅವಳ ಮರ್ಯಾದೆ ಕಾಯುತ್ತಾ ಮರಳಿನ ಮೇಲೆ. ನಡುವೆ ಒಂದು ದಾಸವಾಳದ ಬೇಲಿ.

ಎರಡು ದಿನ ಕಳೆಯಿತು, ಮೂರು ಕಳೆಯಿತು, ವಾರವೂ ದಾಟಿತು. ಬಂಗುಡೆ ಇನ್ನೊಮ್ಮೆ ಬಂದು ಹೋಯಿತು. ಜಲಜಕ್ಕ ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು ವಂಡ್ಸೆಗೆ ಹೊರುತ್ತಿದ್ದಳು. ಹೋಗುವಾಗ ಬರುವಾಗ ನಾಗುವಿನ ಅಂಗಳ ದಾಟಬೇಕು.

"ಎಂತ ಜಲಜ, ನಿನ್ ದೊರೆಸಾನಿ ಎದ್ಳಾ?"

ಜಲಜಕ್ಕ ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಡದ ಜಲಜಕ್ಕನನ್ನು ಊರು ಅದೇ ಮೊದಲು ಕಂಡದ್ದು.

"ಏಳೂದಿಲ್ಲೆ ಅದ್. ಅದ್ಕೆ ಎಂತಕ್ಕ್ ಬೇಕ್? ಏಪ್ರಿಲ್ ಬಂದ್ರೆ ವಿಮಾನ ಹತ್ತುದ್. ಇಲ್ಲ್ ಮಕ್ಳ್ ಮೆಣ್ಸಿನ್ ನೀರ್ ಕುಡೂದ್ ನಾವ್. ಬಲೆ ಮೇಲ್ ಕೂಕಂಬುಕ್ ಬಾರಿ ಗೊತ್ತಿತ್ತ್ ನಿಂಗೆ, ಈಗ ಎಬ್ಸ್ ಕಾಂಬ!"

ಎಬ್ಬಿಸಿದರೆ ಜಲಜಕ್ಕನ ಹಗ್ಗ ಹೋಗುತ್ತದೆ. ಬಲೆಯ ಪಾಲಿಲ್ಲದೆ ಒಂಟಿ ಹೆಂಗಸು, ಕಾಲೇಜಿಗೆ ಕಾಲಿಟ್ಟ ಮಗಳು, ಮುಂದಿನ ಮಳೆಗಾಲದವರೆಗೆ. ಎಬ್ಬಿಸದಿದ್ದರೆ ಊರ ಒಲೆಗಳು ಅವಳ ಹೆಸರು ಹೇಳಿ ಆರುತ್ತವೆ, ಪರದೇಶದ ಹುಡುಗಿಯ ಹೆಸರೂ ಅದರೊಂದಿಗೆ ಕೆಡುತ್ತದೆ. ಶ್ರೀಲತಾ, "ಅಮ್ಮ, ನಾನ್ ಹೇಳ್ತೆ. ನಾನೆಂತ ಹಗ್ಗ ಎಳೂದಿಲ್ಲೆ ಅಲ್ದಾ," ಎಂದಳಂತೆ. "ನೀ ಹೇಳಿರೂ ನಾನ್ ಹೇಳ್ಸಿದ್ದೇ," ಎಂದು ಜಲಜಕ್ಕ ಅವಳ ಬಾಯಿ ಮುಚ್ಚಿಸಿದಳು.

ಒಂದು ಮಧ್ಯಾಹ್ನ ಖಾಲಿ ಹೆಡಿಗೆ ಹೊತ್ತು ಬರುತ್ತಿದ್ದವಳು ಸೀದಾ ಐತನ ಅಂಗಳಕ್ಕೆ ಹೋದಳು. ಅವನು ಹರಿದಿರದ ಬಲೆಯನ್ನೇ ಹೊಲಿಯುತ್ತಾ ಕೂತಿದ್ದ. ನಾನೂ ಅಲ್ಲಿಯೇ ಇದ್ದೆ, ನೂಲು ಹಿಡಿದುಕೊಂಡು.

"ಐತಣ್ಣ, ನೀ ತಾಂಡೇಲ. ನೀ ಹೋಯಿ ಕರಿ."

"ಅದ್ ಆತಿಲ್ಲೆ ಜಲಜ. ನಿನ್ ಗಂಡ ಹೋದಾಗ ನಾನ್ ಕರ್ದ್ನಾ? ನಿನ್ ದುಃಖಕ್ಕ್ ಮರ್ಯಾದಿ ಕೊಟ್ಟೆ. ಇದ್ಕೂ ಅಷ್ಟೇ ಕೊಡ್ಕಲ್ದಾ? ಪಾಲ್ ಅಂದದ್ದ್ ನೀನೇ."

ಜಲಜಕ್ಕ ಹೆಡಿಗೆ ಕೆಳಗಿಟ್ಟು ನೆಲದ ಮೇಲೆ ಕೂತಳು.

"ಮರ್ಯಾದಿ. ಹೌದ್, ಕೊಟ್ರಿ. ಆ ಕೋಣಿಯಗೆ ಬಾಗ್ಲ್ ಹಾಕ್ಕಂಡ್ ಬಿದ್ಕಂಡಿದ್ದೆ ನಾನ್. ಹೊರ್ಗೆ ಕಾಲ್ ಸಪ್ಳ ಆದಾಗೆಲ್ಲ ಉಸ್ರ್ ಹಿಡ್ಕಂಡ್ ಕೇಂತಿದ್ದೆ. ಯಾರಾರೂ ಬತ್ರ್, 'ಏಳ್ ಜಲಜ' ಅಂತ್ರ್ ಅಂದೇಳಿ. ಕಟ್ಳೆ ನಂಗ್ ಗೊತ್ತಿತ್ತ್. ಯಾರೂ ಬಪ್ಪುದಿಲ್ಲೆ ಅಂದೂ ಗೊತ್ತಿತ್ತ್. ಆರೂ ಕಾಯ್ತಿದ್ದೆ."

ಐತನ ಸೂಜಿ ನಿಂತಿತು.

"ಕಡಿಗ್ ಎದ್ದ್ ಬಂದ್ನಲ್ಲ, ದುಃಖ ಮುಗೀತ್ ಅಂದ್ಕಂಡ್ರಿ ನೀವೆಲ್ಲ. ಮುಗ್ದದ್ದಲ್ಲ. ಬೇಲಿ ಆಚೆ ನಾಗುನ ಮಕ್ಳ್ ಹಸ್ದ್ ಅಳೂದ್ ಕೇಂತ್. ಅದ್ಕೆ ಎದ್ದೆ. ಆ ಹೆಣ್ಣಿಗ್ ಅದೂ ಕೇಂತಿಲ್ಲೆ ಅಲ್ದಾ. ಕೇಂಡ್ರೂ ಗೊತ್ತಾತಿಲ್ಲೆ."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ನಾಗು ಕೇಳಿಸಿಕೊಂಡಿದ್ದಳು. ಹೊರಗೆ ಬರಲಿಲ್ಲ.

ಜಲಜಕ್ಕ ಎದ್ದು ಮನೆಗೆ ಹೋದಳು. ಬೇಲಿಯ ಈಚೆ ನಾವು ಐದಾರು ಮಂದಿ ನಿಂತಿದ್ದೆವು, ಕದ್ದು ನೋಡಲೆಂದಲ್ಲ, ಕಾಲು ಅಲ್ಲಿಗೇ ಹೋಗಿ ನಿಂತಿತ್ತು. ಹುಡುಗಿ ಕಲ್ಲಿನ ಮೇಲೆ ಕೂತಿದ್ದಳು. ಜಲಜಕ್ಕ ಅವಳ ಪಕ್ಕದಲ್ಲಿ ಕೂತು ಕೆದರಿದ ಕೂದಲನ್ನು ಹಿಂದಕ್ಕೆ ಸರಿಸಿದಳು.

"ಏಳ್ ಹೆಣೇ. ಹಗ್ಗ ಮುಟ್ಟೂಕ್ ಹೋಪ."

"ಊರು... ಊರಿನ ದುಃಖ ಮುಗಿತಾ?" ಎಂದಳು ಇಲೋನಾ.

"ಊರಿನ ದುಃಖ ಎಂತ ಇತ್ತ್ ಮಗಾ. ದುಃಖ ನಿಂದ್. ನೀ ಮುಟ್ದೆ ಬಲೆ ಇಳೀತಿಲ್ಲೆ. ಎಲ್ರೂ ನಿನ್ನನ್ನೇ ಕಾಯ್ತಿದ್ರ್."

ಹುಡುಗಿ ಅವಳ ಕಡೆ ತಿರುಗಿದಳು. "ಯಾಕೆ ಯಾರೂ ಹೇಳ್ಲಿಲ್ಲ? ನಾನು ದಿನಾ ಬೇಲಿ ನೋಡ್ತಿದ್ದೆ. ಯಾರಾದ್ರೂ ಬರ್ತ್ರಾ ಅಂತ."

"ಹೇಳೂಕಾಗ. ಅದ್ ಕಟ್ಳೆ."

"ಈಗ ಹೇಳಿದ್ರಲ್ಲ?"

"ಈಗ ಹೇಳ್ದೆ," ಎಂದಳು ಜಲಜಕ್ಕ. ಅದರ ಬೆಲೆ ಏನೆಂದು ಹೇಳಲಿಲ್ಲ.

ಇಬ್ಬರೂ ಬೇಲಿ ದಾಟಿ ಬಂದರು. ಅಷ್ಟರಲ್ಲಿ ಬ್ರಹ್ಮಾವರದಿಂದ ಹುಡುಗಿಯನ್ನು ನೋಡಿ ಹೋಗಲು ಬಂದ ಮಯ್ಯರೂ ತಡಿಗೆ ನಡೆದರು. ಇಲೋನಾ ಬಾಗಿ ಕಡಲಿನ ನೀರಿನಲ್ಲಿ ಕೈ ಅದ್ದಿ, ಐತ ತೋರಿಸಿದ ಕಡೆ ಹಗ್ಗದ ಮೇಲೆ ಇಟ್ಟಳು. ದೋಣಿ ಇಳಿಯಿತು. ಹಗ್ಗದ ತುದಿ ತಡಿಗೆ ಬಂದಾಗ ಜಲಜಕ್ಕ ತನ್ನ ಜಾಗದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ಮರಳಿನ ಮೇಲೆ ಕೂತಳು.

"ಅಮ್ಮ, ಬನ್ನಿ," ಎಂದು ಇಲೋನಾ ಕರೆದಳು.

ನಾಗು ಹಗ್ಗ ಹಿಡಿದುಕೊಂಡೇ, ಅವಳ ಮುಖ ನೋಡದೆ ಹೇಳಿದಳು. "ಅದ್ ಬಪ್ಪೂಕಿಲ್ಲೆ. ಕರ್ದವ್ರ್ ಹಗ್ಗ ಬಿಡ್ಕ್. ಬಲೆ ನಿಲ್ಸೂಕೆ ಕಟ್ಳೆ ಬೇಕಾಯ್ತ್, ಈಗ ಬ್ಯಾಡ ಅಂದ್ರೆ ಹ್ಯಾಂಗ್?"

"ಬೇಕ್," ಎಂದಳು ಜಲಜಕ್ಕ. "ನಾಗು ಹೇಳ್ದದ್ದ್ ಸಮ."

ಆಗ ಹುಡುಗಿಗೆ ಅರ್ಥವಾಯಿತು. ಅವಳು ಹಗ್ಗ ಬಿಟ್ಟು ಐತನ ಎದುರು ಹೋಗಿ ನಿಂತಳು. ಅವಳ ಮಾತು ತಡವರಿಸುತ್ತಿತ್ತು. "ಅವರ ಜಾಗದಲ್ಲಿ ನಾನು ನಿಲ್ತೆ. ನನ್ನ ಅರ್ಧ ಪಾಲೇ ಸಾಕು. ಜಾಗ ಖಾಲಿ ಬ್ಯಾಡ."

ಐತ ತಲೆ ಆಡಿಸಿದ.

ಅಂದು ಬಲೆಗೆ ಚಿನ್ನದ ಬಂಗುಡೆ ಬಂತೆಂದು ಹೇಳಲು ನನ್ನ ನಾಲಿಗೆ ತುರಿಸುತ್ತಿದೆ. ಬಂದದ್ದು ಎರಡು ಹೆಡಿಗೆ ಪುಡಿ ಮೀನು, ಒಂದು ಬೊಗಸೆ ಬಂಗುಡೆ, ಮತ್ತೆ ಅದೇ ಲೊಳೆಮೀನು. ಐತ ಪಾಲು ಹಾಕಿದ. ಇಲೋನಾಳ ಅರ್ಧ ಪಾಲು ಹಾಕುವಾಗ ಒಂದು ಕ್ಷಣ ಮಯ್ಯರ ಕಡೆ ನೋಡಿದ.

"ಹಾಕ್ ಐತ," ಎಂದರು ಮಯ್ಯರು. "ತಮಾಷಿ ಅಂದ್ ಇನ್ ಮೇಲೆ ನಾನೂ ಹೇಳೂದಿಲ್ಲೆ. ಊರವ್ರೊಟ್ಟಿಗೆ ಬೆರ್ತದ್ದೆಲ್ಲ್ ಅಂದ್ ಯಾರಾರೂ ಕೇಂಡ್ರೆ ಇಲ್ಲಿಗೇ ಕರ್ಕಂಡ್ ಬತ್ತೆ." ಹುಡುಗಿಯ ಕೈ ಹಗ್ಗದಿಂದ ಸುಲಿದಿತ್ತೆಂದು ಮೀನಿನ ಬುಟ್ಟಿಯನ್ನು ತಾವೇ ಎತ್ತಿಕೊಂಡರು. ಮುಖ ಬೈಂದೂರಿನ ಕಡೆ, ಬುಟ್ಟಿ ಕುಂದಾಪುರದ ಕಡೆ, ಉಸಿರು ಎಲ್ಲೂ ಇಲ್ಲ. ಜಲಜಕ್ಕನ ಮನೆ ಮುಟ್ಟುವಷ್ಟರಲ್ಲಿ ಅವರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಯಾರೂ ನಗಲಿಲ್ಲ.

ಆ ವರ್ಷದ ಉಳಿದ ದಿನಗಳೆಲ್ಲ ಇಲೋನಾ ಜಲಜಕ್ಕನ ಜಾಗದಲ್ಲಿ ನಿಂತು ಎಳೆದಳು, ಎಳೆದು ಶಾಲೆಗೆ ಹೋದಳು. ಜಲಜಕ್ಕ ಗಂಗೊಳ್ಳಿಯಲ್ಲಿ ಕಂಡವರ ಕ್ರಯಕ್ಕೆ ಮೀನು ಕೊಂಡು ಹೊತ್ತಳು. ಬೇಗ ಬಂದ ದಿನ ಮರಳಿನ ಮೇಲೆ ಕೂತು, "ಸೊಂಟ ಬಗ್ಸ್ ಹೆಣೇ, ತೆಂಗಿನ್ ಮರದ್ ಹಾಂಗ್ ನಿಂತ್ರೆ ಹಗ್ಗ ಬತ್ತಾ?" ಎಂದು ಬೈಯುತ್ತಿದ್ದಳು. ಅವಳು ಸೊರಗಿದ್ದು ಎಲ್ಲರಿಗೂ ಕಾಣುತ್ತಿತ್ತು. ಶ್ರೀಲತಾಳ ಕಾಲೇಜು ಆ ವರ್ಷ ನಿಂತಿತು, ಮರುವರ್ಷ ಮತ್ತೆ ಸೇರಿದಳು. ಯಾರೂ ಕಟ್ಟಳೆ ಸಡಿಲಿಸೋಣ ಎನ್ನಲಿಲ್ಲ, ನಾನೂ ಅನ್ನಲಿಲ್ಲ. ಜಲಜಕ್ಕ ಕೇಳಲೂ ಇಲ್ಲ.

ಏಪ್ರಿಲಿನಲ್ಲಿ ಬೈಂದೂರು ಸ್ಟೇಷನ್ನಿನಲ್ಲಿ ರೈಲು ಹತ್ತಿಸುವಾಗ ಹುಡುಗಿ ಅತ್ತಳು. ಜಲಜಕ್ಕ ಅಳಲಿಲ್ಲ. "ಮನಿಗ್ ಹೋದವ್ಳೇ ಸೀದಾ ಅಬ್ಬಿನ ಮಣ್ಣಿನಲ್ಲಿಗ್ ಹೋಯ್ಕ್. ಅಣ್ಣ ಕರೀಲಿ ಅಂದ್ ಕಾಯೂಕಾಗ, ಕೇಂತಾ?" ಎಂದಳು. ಬೇಸಿಗೆ ಮುಗಿದು, ಮಳೆ ಬಂದು, ಹೋಗಿ, ಬಲೆ ಮತ್ತೆ ಇಳಿದಾಗ ಜಲಜಕ್ಕ ತನ್ನ ಜಾಗಕ್ಕೆ ಬಂದು ನಿಂತಳು.

2011ರಲ್ಲಿ ಐತ ಹೋದ. ಮಲಗಿದವನು ಏಳಲಿಲ್ಲ, ಅಷ್ಟೇ. ಬಲೆ ನಿಂತಿತು. ನಾಗು ಒಳಗೆ ಸೇರಿಕೊಂಡಳು. ಮಕ್ಕಳು ದೂರದ ಊರುಗಳಿಂದ ಬಂದು ಕ್ರಿಯೆಗಳನ್ನು ಮುಗಿಸಿ ಹೋದರು, ಹಗ್ಗದ ಸಂಬಂಧ ಅವರಿಗೆ ಉಳಿದಿರಲಿಲ್ಲ. ಮುಟ್ಟುವುದಾದರೆ ನಾಗುವೇ ಮುಟ್ಟಬೇಕು. ನಾವು ಹಿಂದಿನ ಹಾಗೆಯೇ ಮರಳಿನ ಮೇಲೆ ಕೂತು ಕಾದೆವು. ಜಲಜಕ್ಕನಿಗೂ ಆಗ ವಯಸ್ಸಾಗಿತ್ತು. ಮಂಡಿ ಹಿಡಿದಿತ್ತು, ಆದರೂ ಹಗ್ಗ ಬಿಟ್ಟಿರಲಿಲ್ಲ.

ಉತ್ತರಕ್ರಿಯೆಯ ಬೊಜ್ಜ ಕಳೆದ ಕೆಲವು ದಿನಗಳಿಗೆ ಅವಳು ಮರಳಿನಿಂದ ಎದ್ದಳು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಕಾಲೆಳೆಯುತ್ತಾ ಹೋಗಿ ನಾಗುವಿನ ಬಾಗಿಲಲ್ಲಿ ನಿಂತು, "ಏಳ್ ನಾಗು, ಹೋಪ," ಎಂದಳು.

ಒಳಗಿನಿಂದ ಕೂಡಲೇ ಉತ್ತರ ಬಂತು.

"ಇಷ್ಟ್ ತಡ ಎಂತಕ್ಕ್ ಮಾಡ್ದೆ?"